ಉಪ್ಪಿಟ್ಟಾದ್ರೂ ತಿಂದ್ಕೊಂಡು ಹೋಗೋ

ಬಸವೇಶ್ವರನಗರದ ನನ್ನ ಚಿಕ್ಕಮ್ಮನ ಮನೆಯಿಂದ ಬರಿಹೊಟ್ಟೆಯಲ್ಲಿ ಎದ್ದು ಹೋದವರನ್ನು ನಾನಂತೂ ಕಂಡಿಲ್ಲ. ಹೊರಟವರು ಚಪ್ಪಲಿಗೆ ಕಾಲು ತೂರಿಸುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯಿಂದ ಆ ಮಾತು ಬರುತ್ತದೆ: "ಉಪ್ಪಿಟ್ಟಾದ್ರೂ ತಿಂದ್ಕೊಂಡು ಹೋಗೋ." ಈ ವಾಕ್ಯವನ್ನು ನಾಲಿಗೆಯ ಮೇಲೆ ಅದೆಷ್ಟು ಸಲ ಹೊರಳಿಸಿ ಸವಿದಿದ್ದೇನೋ! ಅದರ ಸಾರವೆಲ್ಲ ಕೂತಿರುವುದು ಆ ಪುಟ್ಟ ‘ಆದ್ರೂ’ದಲ್ಲಿ. ಉಪ್ಪಿಟ್ಟು ಹೇಳಿಕೊಳ್ಳುವಂಥ ತಿಂಡಿಯಲ್ಲ ಎಂದು ಅದು ಮೊದಲೇ ಒಪ್ಪಿಕೊಂಡುಬಿಟ್ಟಿತು. ಇದಕ್ಕಿಂತ ಒಳ್ಳೆಯದೇನಾದರೂ ಮಾಡುತ್ತಿದ್ದೆ, ನೀನೇ ಹೊತ್ತು ಕೊಡಲಿಲ್ಲ ಎಂದು ಸಣ್ಣಗೆ ದೂರಿತು. ಇಷ್ಟನ್ನೂ ಬೇಡವೆನ್ನುವವನು ಇನ್ನು ಏನನ್ನು ತಾನೇ ಮುಟ್ಟಿಯಾನು ಎಂಬ ಪ್ರಶ್ನೆಯನ್ನು ಹೊಸ್ತಿಲ ಮೇಲೆ ಇಟ್ಟಿತು. ಇವುಗಳಲ್ಲಿ ಒಂದನ್ನೂ ಚಿಕ್ಕಮ್ಮ ಬಾಯಿಬಿಟ್ಟು ಹೇಳಲಿಲ್ಲ. ಆದರೂ ಹೊರಟವನು ಚಪ್ಪಲಿ ಬಿಟ್ಟು, ಕೈ ತೊಳೆದು ಕೂತಾಯಿತು.

ಆ ‘ಆದ್ರೂ’ವನ್ನು ಮೆಲ್ಲಗೆ ತೆಗೆದು ಬೇರೊಂದನ್ನು ಇಟ್ಟು ನೋಡಿ. "ಉಪ್ಪಿಟ್ಟೂ ತಿಂದ್ಕೊಂಡು ಹೋಗೋ" ಅಂದರೆ ಆಗಲೇ ಏನೋ ಹೊಟ್ಟೆಗೆ ಬಿದ್ದಿದೆ, ಬಹುಶಃ ಕೇಸರಿಬಾತು. "ಉಪ್ಪಿಟ್ಟೇ ತಿಂದ್ಕೊಂಡು ಹೋಗೋ" ಅಂದರೆ ದೋಸೆಯ ಮಾತೂ ಬಂದಿತ್ತು, ಹಿಟ್ಟು ಹುಳಿ ಬಂದಿಲ್ಲ ಎಂದೋ ಏನೋ ಅದು ಬಿದ್ದುಹೋಯಿತು. "ಉಪ್ಪಿಟ್ಟಂತೂ ತಿಂದ್ಕೊಂಡು ಹೋಗೋ" ಅಂದರೆ ಊಟಕ್ಕೆ ನಿಲ್ಲುವ ವಾದದಲ್ಲಿ ಚಿಕ್ಕಮ್ಮ ಸೋತಿದ್ದಾರೆ, ಇದೊಂದರಲ್ಲಿ ಮಾತ್ರ ಸೋಲುವವರಲ್ಲ. ಬಾಣಲೆಯಲ್ಲಿ ಇರುವುದು ಅದೇ ರವೆ, ಅದೇ ಸಾಸಿವೆ ಕರಿಬೇವಿನ ಒಗ್ಗರಣೆ, ಅದೇ ಹಿಂಡಿದ ನಿಂಬೆಹಣ್ಣು. ಬಾಲದ ಒಂದು ಸ್ವರ ಬದಲಾದದ್ದಕ್ಕೆ ಆ ಮನೆಯಲ್ಲಿ ಕಳೆದ ಅರ್ಧ ಗಂಟೆಯ ಇತಿಹಾಸವೇ ಬದಲಾಗುತ್ತದೆ.

ಮಾತಿನ ಅರ್ಥ ಎಲ್ಲಿರುತ್ತದೆ ಎಂದು ಕೇಳಿದರೆ ನಮಗೆ ಥಟ್ಟನೆ ಹೊಳೆಯುವ ಉತ್ತರ, ಮಾತು ಯಾವ ವಸ್ತುವನ್ನು ತೋರಿಸುತ್ತದೋ ಅದರಲ್ಲಿ ಎಂದು. ‘ಉಪ್ಪಿಟ್ಟು’ ಬಾಣಲೆಯತ್ತ ಬೆರಳು ಮಾಡುತ್ತದೆ, ಸರಿ. ‘ಆದ್ರೂ’ ಯಾವುದರತ್ತ ಬೆರಳು ಮಾಡುತ್ತದೆ? ಅಡುಗೆಮನೆಯೆಲ್ಲ ಹುಡುಕಿದರೂ ಸಿಗುವುದಿಲ್ಲ. ಅದಕ್ಕೇ ನನಗೆ ಇನ್ನೊಂದು ಪಂಥದವರ ಮೇಲೆ ಪ್ರೀತಿ. ಅವರ ಪ್ರಕಾರ ಒಂದು ಮಾತಿನ ಅರ್ಥ ಎಂದರೆ ಅದರ ಹಿಂದುಮುಂದು: ಯಾವ ಸಂಗತಿಗಳಿಂದ ಆ ಮಾತಿಗೆ ಬಂದು ಸೇರಬಹುದು, ಆ ಮಾತಿನಿಂದ ಹೊರಟು ಎಲ್ಲೆಲ್ಲಿಗೆ ಹೋಗಬಹುದು ಎಂಬ ಒಟ್ಟು ದಾರಿಗಳ ಜಾಲ. ಅಮೆರಿಕದ ತತ್ತ್ವಜ್ಞಾನಿ ವಿಲ್‌ಫ್ರಿಡ್ ಸೆಲರ್ಸ್ 1953ರಲ್ಲಿ ತೀರ್ಮಾನ ಮತ್ತು ಅರ್ಥದ ನಂಟಿನ ಮೇಲೆ ಬರೆದ ಪ್ರಬಂಧದಲ್ಲಿ ಈ ದಾರಿ ಹಿಡಿದ. ಅವನ ಹೆಜ್ಜೆಯಲ್ಲಿ ನಡೆದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ರಾಬರ್ಟ್ ಬ್ರ್ಯಾಂಡಮ್ 1994ರಲ್ಲಿ ‘ಮೇಕಿಂಗ್ ಇಟ್ ಎಕ್ಸ್‌ಪ್ಲಿಸಿಟ್’ ಎಂಬ ಏಳುನೂರು ಪುಟ ಮೀರಿದ ಗ್ರಂಥದಲ್ಲಿ ಅದನ್ನು ಹೆದ್ದಾರಿ ಮಾಡಿದ. ಗ್ರಂಥ ಒರಟು, ಜಿಗುಟು, ಒಂದು ಪುಟಕ್ಕೆ ಒಂದು ಲೋಟ ಕಾಫಿ ಕೇಳುತ್ತದೆ. ಒಳಗಿನ ತಿರುಳು ಮಾತ್ರ ಎಳನೀರಿನ ಗಂಜಿಯಂತೆ ಮೃದು.

ಬ್ರ್ಯಾಂಡಮ್‌ನ ಮೆಚ್ಚಿನ ಉದಾಹರಣೆಯನ್ನು ನಮ್ಮ ಕಡೆಗೆ ತಿರುಗಿಸುತ್ತೇನೆ. ವಿಜಯನಗರ ಮೆಜೆಸ್ಟಿಕ್‌ಗೆ ಪಶ್ಚಿಮಕ್ಕಿದೆ ಅಂದಮೇಲೆ ಮೆಜೆಸ್ಟಿಕ್ ವಿಜಯನಗರಕ್ಕೆ ಪೂರ್ವಕ್ಕಿದೆ. ಇದನ್ನು ಒಪ್ಪಲು ತರ್ಕಶಾಸ್ತ್ರದ ಯಾವ ಸೂತ್ರವೂ ಬೇಡ. ಪೂರ್ವ ಪಶ್ಚಿಮ ಗೊತ್ತಿದ್ದರೆ ಸಾಕು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಈ ಹೆಜ್ಜೆ ಇಡಲು ಬರುವುದನ್ನೇ ನಾವು ಪೂರ್ವ ಪಶ್ಚಿಮ ಗೊತ್ತಿರುವುದು ಎನ್ನುವುದು. ಇಲ್ಲಿ ಆ ‘ಅಂದಮೇಲೆ’ಯ ಸೊಗಸನ್ನು ಸ್ವಲ್ಪ ನಿಂತು ನೋಡಬೇಕು. ದಿನಕ್ಕೆ ನೂರು ಸಲ ಅನ್ನುತ್ತೇವೆ. "ನೀನು ಬರ್ತೀಯ ಅಂದಮೇಲೆ ನಾನ್ಯಾಕೆ ಅಡುಗೆ ಮಾಡದೆ ಇರ್ಲಿ?" ಆಡುವಾಗ ಕಾಲಡಿಯ ನೆಲದಂತೆ ಕಾಣದೆ ಇದ್ದ ಹೆಜ್ಜೆಯನ್ನು ಅದು ಎತ್ತಿ ಕಣ್ಣೆದುರು ಹಿಡಿಯುತ್ತದೆ. ಒಪ್ಪದವರು ಈಗ ಅದರ ಮೇಲೇ ಜಗಳಕ್ಕೆ ನಿಲ್ಲಬಹುದು. ‘ಆದರೆ’, ‘ಹಾಗಾಗಿ’, ‘ಅಂದಮೇಲೆ’ಗಳ ಕೆಲಸ ಹೊಸ ವಿಷಯ ಹೇಳುವುದಲ್ಲ, ನಾವು ಮೊದಲಿಂದಲೂ ಮಾಡುತ್ತಿದ್ದುದನ್ನು ಆಡಿ ತೋರಿಸುವುದು ಎಂಬುದು ಬ್ರ್ಯಾಂಡಮ್‌ನ ಇಡೀ ಗ್ರಂಥದ ಹೆಸರಿನಲ್ಲೇ ಅಡಗಿರುವ ಮಾತು.

ಕೆಂಗೇರಿಯಿಂದ ನೇರಳೆ ಮಾರ್ಗದ ಮೆಟ್ರೋ ಹತ್ತಿ ಅತ್ತಿಗುಪ್ಪೆ ದಾಟಿದರೆ ಧ್ವನಿಮುದ್ರಿಕೆ ಸ್ಫುಟವಾಗಿ ಹೇಳುತ್ತದೆ, ಮುಂದಿನ ನಿಲ್ದಾಣ ವಿಜಯನಗರ ಎಂದು. ಉಚ್ಚಾರಣೆಯಲ್ಲಿ ಕೊಂಕಿಲ್ಲ, ಹೊತ್ತು ತಪ್ಪುವುದಿಲ್ಲ. ಆದರೆ "ಅಂದ್ರೆ ಬಸ್ ಸ್ಟ್ಯಾಂಡಿಗೂ ಇಲ್ಲೇ ಇಳೀಬೇಕಾ?" ಎಂದು ಅದನ್ನು ಕೇಳಿ ನೋಡಿ. ಪಕ್ಕದಲ್ಲಿ ಮಲ್ಲಿಗೆ ಮೊಗ್ಗಿನ ಕವರು ಹಿಡಿದು ಕೂತ ಅಜ್ಜಿ, "ಹೂಂ ಕಣಪ್ಪ, ಇಲ್ಲೇ, ಬಾಗಿಲ ಹತ್ರ ಹೋಗು" ಅನ್ನುತ್ತಾರೆ. ಧ್ವನಿಪೆಟ್ಟಿಗೆ ಆಡಿದ ಶಬ್ದ, ಅಜ್ಜಿ ಆಡಿದ ಮಾತು. ಅಜ್ಜಿಗೆ ಅದರ ಹಿಂದುಮುಂದು ಗೊತ್ತು. ತಪ್ಪು ಹೇಳಿದ್ದರೆ "ಅಯ್ಯೋ" ಎಂದು ನಾಲಿಗೆ ಕಚ್ಚಿಕೊಳ್ಳುವುದೂ ಗೊತ್ತು.

ಸೆಲರ್ಸ್‌ನ ಇನ್ನೊಂದು ಪ್ರಸಂಗವಿದೆ, 1956ರ ಅವನ ಪ್ರಸಿದ್ಧ ಪ್ರಬಂಧದ್ದು. ನೆಕ್‌ಟೈ ಅಂಗಡಿಯ ಹುಡುಗನೊಬ್ಬ ಹೊಸದಾಗಿ ಬಂದ ವಿದ್ಯುದ್ದೀಪದ ಕೆಳಗೆ ಬಣ್ಣ ಹೇಳಲು ಹೋಗಿ, ಬೀದಿಯ ಬೆಳಕಿಗೆ ಬಂದಾಗ ಎಡವುತ್ತಾನೆ. ಆಮೇಲೆ ‘ಹಸಿರು’ ಅನ್ನುವ ಬದಲು ‘ಹಸಿರಾಗಿ ಕಾಣ್ತಿದೆ’ ಅನ್ನಲು ಕಲಿಯುತ್ತಾನೆ. ಓದುವಾಗ ನನಗೆ ನಗು ತಡೆಯಲಾಗಲಿಲ್ಲ, ಏಕೆಂದರೆ ಈ ಪಾಠವನ್ನು ರಾಜಾಜಿನಗರದ ಹೆಂಗಸರು ರೇಷ್ಮೆ ಸೀರೆಯ ಅಂಗಡಿಗಳಿಗೆ ಯಾವತ್ತೋ ಕಲಿಸಿದ್ದಾರೆ. ಮದುವೆಯ ಜವಳಿಗೆ ಹೋದವರ ಜತೆ ಒಮ್ಮೆ ಕೂತು ನೋಡಿ. ಬಿಳಿ ಹಾಸಿನ ಮೇಲೆ ಸೀರೆಗಳು ಒಂದರ ಮೇಲೊಂದು ಸರಸರ ಬಿಚ್ಚಿಕೊಳ್ಳುತ್ತವೆ: ಗಿಳಿಹಸಿರು, ಮಾವಿನಚಿಗುರು, ಆನಂದನೀಲಿ, ಕುಂಕುಮಗೆಂಪು, ಬದನೆಕಾಯಿ ಬಣ್ಣ. ಹಿರಿಯ ಹೆಂಗಸು ಒಂದರ ಸೆರಗನ್ನು ಬೆರಳ ತುದಿಯಲ್ಲಿ ಉಜ್ಜಿ, ಜರಿಯನ್ನು ಓರೆಯಾಗಿಸಿ, "ಇಲ್ಲಿ ರಾಮಾ ಹಸಿರು ಥರ ಕಾಣ್ತಿದೆ" ಅನ್ನುತ್ತಾರೆ. ‘ರಾಮಾ ಹಸಿರು’ ಎಂದು ಬಿಡುವುದಿಲ್ಲ. ಆ ‘ಥರ’, ಆ ‘ಕಾಣ್ತಿದೆ’, ಅದಕ್ಕೂ ಮುಂಚಿನ ‘ಇಲ್ಲಿ’: ಮೂರು ಬೀಗ. ಅಂಗಡಿಯವರಿಗೂ ಮಾತಿನ ಮುಂದಿನ ಹೆಜ್ಜೆ ಗೊತ್ತು. "ಬನ್ನಿ ಅಮ್ಮ, ಬಾಗಿಲ ಹತ್ರ ಹೋಗೋಣ." ಇಬ್ಬರೂ ಸೀರೆಯ ಎರಡು ತುದಿ ಹಿಡಿದು ಹೊಸ್ತಿಲಿಗೆ ಬರುತ್ತಾರೆ, ರಸ್ತೆಯ ಮೇಲಿನ ನಾಲ್ಕು ಗಂಟೆಯ ಇಳಿಬಿಸಿಲು ರೇಷ್ಮೆಯ ಮಡಿಕೆಗೆ ತಾಗಿ ಒಳಗಿನ ನವಿಲುಬಣ್ಣ ಮೆಲ್ಲಗೆ ಮೇಲಕ್ಕೆ ಏಳುತ್ತದೆ. "ಹಾಂ, ಇದು ರಾಮಾ ಹಸಿರು ಅಲ್ಲ." ಈಗ ‘ಕಾಣ್ತಿದೆ’ ಉದುರಿ ಹೋಯಿತು. ಬಣ್ಣ ನೋಡಲು ಕಣ್ಣಿದ್ದರೆ ಸಾಕು. ಬಣ್ಣದ ಮಾತು ಆಡಲು ಬೆಳಕು, ಬಾಗಿಲು, ಅಂಗಡಿಯ ಟ್ಯೂಬ್‌ಲೈಟಿನ ಮೋಸ ಎಲ್ಲ ಗೊತ್ತಿರಬೇಕು ಎಂದು ಸೆಲರ್ಸ್ ಹೇಳಿದ್ದನ್ನು ಆ ಹೊಸ್ತಿಲಲ್ಲಿ ನಿಂತು ಸವಿಯಬೇಕು.

ಕನ್ನಡದ ಕ್ರಿಯಾಪದಗಳ ಬಗ್ಗೆ ಈಗ ಹೇಳದೆ ಹೋದರೆ ನನಗೆ ನಿದ್ದೆ ಬರುವುದಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ, ಮೂರೂವರೆ. ಮಹಡಿಯ ಮೇಲೆ ಸಂಡಿಗೆ ಒಣಗುತ್ತಿದೆ. ಮನೆಯ ಬೇರೆ ಬೇರೆಯವರು ಒಂದೇ ವಿಷಯ ಹೇಳುತ್ತಾರೆ.

"ಮಳೆ ಬರುತ್ತೆ." ಇವರು ಪೂರಾ ಹೊಣೆ ಹೊತ್ತರು. ಹೇಗೆ ಗೊತ್ತು ಎಂದು ಇವರನ್ನೇ ಕೇಳಬೇಕು.

"ಮಳೆ ಬರುತ್ತಂತೆ." ಹೊಣೆ ಟೀವಿಯವರದೋ ಪಕ್ಕದ ಮನೆಯವರದೋ. ಯಾರು ಹೇಳಿದ್ದು ಎಂದು ಕೇಳಬಹುದು, ಸುಳ್ಳಾದರೆ ಬೈಯುವಂತಿಲ್ಲ.

"ಮಳೆ ಬರೋ ಹಾಗಿದೆ." ಇವರು ಈಗ ತಾನೇ ಕಿಟಕಿಯಿಂದ ಕೆಂಗೇರಿ ಕಡೆಯ ಕಪ್ಪು ಮೋಡ ನೋಡಿ ಬಂದಿದ್ದಾರೆ. ನೀವೂ ಹೋಗಿ ನೋಡಬಹುದು.

"ಮಳೆ ಬಂದಿರಬೇಕು." ಇದು ಆಮೇಲಿನ ಮಾತು, ನಿದ್ದೆಯಿಂದ ಎದ್ದವರದು. ಹನಿ ಬಿದ್ದದ್ದನ್ನು ಕಂಡಿಲ್ಲ. ಅಂಗಳದ ಕಲ್ಲು ಒದ್ದೆ, ಮಣ್ಣಿನ ವಾಸನೆ, ಅದರಿಂದ ಕಟ್ಟಿದ ತೀರ್ಮಾನ. ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿ ಹೇಳುವ ನೈಯಾಯಿಕ ಇದನ್ನು ಕೇಳಿದ್ದರೆ ಎದ್ದು ಬಂದು ಬೆನ್ನು ತಟ್ಟುತ್ತಿದ್ದ.

"ಮಳೆ ಬಂದೀತು." ಆಹಾ, ಇದು! ಶಾಲೆಯ ವ್ಯಾಕರಣದಲ್ಲಿ ಇದಕ್ಕೆ ಸಂಭಾವನಾರ್ಥಕ ಎಂದು ಹೆಸರು. ಪರೀಕ್ಷೆಗೆ ಎರಡು ಅಂಕ, ಅಷ್ಟೇ. ಆದರೆ ಅದರ ಒಳಗಿನ ನಾಜೂಕು ನೋಡಿ. ಬರುತ್ತದೆ ಎಂದು ಹೇಳಲಿಲ್ಲ, ಬರಬಹುದು ಎಂದು ಲೆಕ್ಕ ಹಾಕಿ ಸುಮ್ಮನಾಗಲೂ ಇಲ್ಲ. ಸ್ವರ ಕೊನೆಯಲ್ಲಿ ತುಸು ಎಳೆದುಕೊಂಡು, ಸಣ್ಣದೊಂದು ಎಚ್ಚರಿಕೆಯನ್ನು ಗಾಳಿಯಲ್ಲಿ ತೂಗುಬಿಟ್ಟಿತು. ಇದಕ್ಕೆ ‘ಹೌದು’ ‘ಇಲ್ಲ’ ಎಂಬ ಉತ್ತರ ಒಗ್ಗುವುದಿಲ್ಲ. ಕೇಳಿದವರು ಮಾತಾಡದೆ ಮಹಡಿ ಹತ್ತಿ ಸಂಡಿಗೆಯ ಪಂಚೆ ಮಡಿಸುತ್ತಾರೆ. ವಾಕ್ಯದ ತೀರ್ಮಾನ ಇನ್ನೊಂದು ವಾಕ್ಯವೇ ಆಗಬೇಕಿಲ್ಲ, ಕೈಯ ಕೆಲಸವೂ ಆಗಬಹುದು ಎಂದು ಸೆಲರ್ಸ್ ಹೇಳುತ್ತಾನೆ. ನಮ್ಮ ‘ಬಂದೀತು’ವಿನ ತೀರ್ಮಾನ ಹೆಚ್ಚಾಗಿ ಹಾಗೆಯೇ. ಹುಡುಗರು ಈ ರೂಪವನ್ನು ಬೆಂಗಳೂರಿನಲ್ಲಿ ಕಡಿಮೆ ಬಳಸುತ್ತಿದ್ದಾರೆ, ‘ಬರಬಹುದು’ ಎಂಬ ಸಪ್ಪೆ ಮಾತಿನಲ್ಲೇ ಎಲ್ಲ ಮುಗಿಸುತ್ತಾರೆ. ನನಗದು ಚಿಟಿಕೆ ಇಂಗು ಮರೆತ ಸಾರು.

ಮಾತಾಡುವವರು ಒಬ್ಬೊಬ್ಬರ ಹೆಸರಿನಲ್ಲೂ ಒಂದು ಲೆಕ್ಕ ಇಟ್ಟಿರುತ್ತಾರೆ ಎಂಬುದು ಬ್ರ್ಯಾಂಡಮ್‌ನ ಮಾತು. ಯಾರು ಯಾವ ಮಾತಿಗೆ ಹೊಣೆ, ಯಾರಿಗೆ ಆ ಮಾತಾಡುವ ಹಕ್ಕಿದೆ, ಒಂದು ಹೇಳಿಕೆಯಿಂದ ಇನ್ನು ಯಾವುದಕ್ಕೆಲ್ಲ ಕಟ್ಟುಬಿದ್ದರು, ಇದೆಲ್ಲ ಸದ್ದಿಲ್ಲದೆ ಬರೆದುಕೊಳ್ಳುತ್ತಾ ಹೋಗುವುದೇ ಅರ್ಥ ಮಾಡಿಕೊಳ್ಳುವುದು. ಇಂಗ್ಲಿಷಿನಲ್ಲಿ ಇದನ್ನು ವಿವರಿಸಲು ಅವನಿಗೆ ಅಧ್ಯಾಯಗಟ್ಟಲೆ ಹಿಡಿಯಿತು. ನಮ್ಮ ‘ಅಂತೆ’ಗೆ ಎರಡು ಅಕ್ಷರ. "ಅವರ ಮಗನಿಗೆ ಕೆಲಸ ಸಿಕ್ತಂತೆ" ಎಂದವರ ಲೆಕ್ಕದಲ್ಲಿ ಸಾಲ ಬೀಳುವುದಿಲ್ಲ. ಆದರೂ ಸುದ್ದಿ ಸಾಗಿತು, ಕೇಳಿದವರು ಸಿಹಿ ಕೇಳಲು ಹೊರಟರು.

ಎಲ್ಲ ಹೆಜ್ಜೆಗಳೂ ರುಚಿಯವಲ್ಲ. ವಿಜಯನಗರದಲ್ಲಿ ಬಾಡಿಗೆಗೆ ಮನೆ ಹುಡುಕುವವರನ್ನು ಕೇಳಿ. ಗೇಟಿನ ಬಳಿ ನಿಂತ ಮಾಲೀಕರು ನಗುನಗುತ್ತಲೇ, "ನಿಮ್ಮದು ಯಾವ ಕಡೆ? ಮನೇಲಿ ನಾವು ಮೊಟ್ಟೇನೂ ತರಲ್ಲ, ಅದಕ್ಕೆ ಕೇಳಿದೆ" ಅನ್ನುತ್ತಾರೆ. ಊರಿನ ಹೆಸರಿಂದ ಜಾತಿಗೆ, ಜಾತಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ "ಇನ್ನೊಬ್ರಿಗೆ ಮಾತು ಕೊಟ್ಬಿಟ್ಟಿದೀವಿ"ಗೆ. ಎಂಥ ಸಲೀಸು ಇಳಿಜಾರು! ಇಂಗ್ಲೆಂಡಿನ ತತ್ತ್ವಜ್ಞಾನಿ ಮೈಕೆಲ್ ಡಮ್ಮೆಟ್ ತರ್ಕಶಾಸ್ತ್ರಜ್ಞ ಫ್ರೇಗೆಯ ಮೇಲಿನ ತನ್ನ 1973ರ ಪುಸ್ತಕದಲ್ಲಿ ಇದನ್ನು ಹಿಡಿದು ತೋರಿಸಿದ. ಒಂದು ಜನಾಂಗವನ್ನು ಹೀಗಳೆಯುವ ಪದಕ್ಕೆ ಒಳಬಾಗಿಲು ಒಂದು, ಹೊರಬಾಗಿಲು ಇನ್ನೊಂದು: ಇಂಥ ದೇಶದವನು ಎಂಬಷ್ಟರಿಂದ ಒಳಕ್ಕೆ ಬಿಟ್ಟುಕೊಂಡು, ಕ್ರೂರಿ ಎಂಬ ತೀರ್ಮಾನದಿಂದ ಹೊರಕ್ಕೆ ಬಿಡುತ್ತದೆ. ನಮ್ಮ ‘ಹಳ್ಳಿ ಗುಗ್ಗು’ವೂ ಅದೇ ಜಾತಿಯ ಮಾತು. ಹಳ್ಳಿಯಿಂದ ಬಂದವನು ಎಂದರೆ ಒಳಗೆ ಬರಬಹುದು, ದಡ್ಡ ಎಂದು ಹೊರಗೆ ಹೋಗಬಹುದು. ಆ ಹೆಜ್ಜೆ ಒಪ್ಪದವನಿಗೆ ಆ ಪದವನ್ನೇ ಬಾಯಲ್ಲಿ ಇಟ್ಟುಕೊಳ್ಳಲು ಆಗದು. ಇದನ್ನು ಓದಿದ ಮೇಲೆ ಬಹಳ ಬೈಗುಳಗಳು ನನಗೆ ಕಹಿಯಾದವು. ಮಾಲೀಕರ ಆ ‘ಅದಕ್ಕೆ’ಯಂತೂ ಇನ್ನೂ ಕಹಿ.

ಕಹಿ ಬಾಯಿಗೆ ಸಿಹಿ ಬೇಕು. ಸಾವಿರ ವರ್ಷದ ಹಿಂದಿನ ಕಾಶ್ಮೀರಕ್ಕೆ ಹೋಗೋಣ.

ಒಂಬತ್ತನೆಯ ಶತಮಾನದಲ್ಲಿ, ಅವಂತಿವರ್ಮನ ಆಳ್ವಿಕೆಯ ಕಾಲಕ್ಕೆ, ಆನಂದವರ್ಧನ ‘ಧ್ವನ್ಯಾಲೋಕ’ ಬರೆದ. ಪದ ನೇರವಾಗಿ ಹೇಳುವ ಅರ್ಥದಾಚೆ ಇನ್ನೊಂದು ಅರ್ಥ ಹೊಳೆಯುತ್ತದೆ, ಕಾವ್ಯದ ಜೀವ ಅಲ್ಲಿದೆ, ಅದನ್ನು ಹೊಳೆಯಿಸುವ ಶಕ್ತಿಯೇ ಬೇರೆ ಎಂದ. ಹೆಚ್ಚುಕಡಿಮೆ ಅದೇ ಕಾಲಕ್ಕೆ ನಮ್ಮ ರಾಷ್ಟ್ರಕೂಟ ನೃಪತುಂಗನ ಆಸ್ಥಾನದ ‘ಕವಿರಾಜಮಾರ್ಗ’ವೂ ಧ್ವನಿಯನ್ನು ಒಂದು ಅಲಂಕಾರವೆಂದು ಎತ್ತಿ ಹೇಳುತ್ತದೆ. ಕನ್ನಡದಲ್ಲಿ ಈ ಲೋಕಕ್ಕೆ ಕಾಲಿಟ್ಟವರಿಗೆಲ್ಲ ತೀ.ನಂ.ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯೇ ಮೊದಲ ಮೆಟ್ಟಿಲು, ಧಾರವಾಡದ ಕೆ.ಕೃಷ್ಣಮೂರ್ತಿಯವರು 1974ರಲ್ಲಿ ‘ಧ್ವನ್ಯಾಲೋಕ’ವನ್ನು ಸಂಪಾದಿಸಿ ಇಂಗ್ಲಿಷಿಗೂ ತಂದರು. ಆನಂದವರ್ಧನನಿಗೆ ಸಿಗಬೇಕಾದ ಹೂಮಾಲೆಯೆಲ್ಲ ಸಿಕ್ಕಿದೆ. ನನ್ನ ಒಲವು ಅವನ ಎದುರಾಳಿಯ ಕಡೆಗೆ.

ಹನ್ನೊಂದನೆಯ ಶತಮಾನದ ಮಹಿಮಭಟ್ಟ, ಅವನೂ ಕಾಶ್ಮೀರದವನೇ. ‘ವ್ಯಕ್ತಿವಿವೇಕ’ ಎಂಬ ಒಂದೇ ಗ್ರಂಥದಲ್ಲಿ ಅವನು ಹಿಡಿದ ಹಟ ಇದು: ಹೊಳೆಯುವುದು ನಿಜ, ಸೊಗಸೂ ನಿಜ, ಆದರೆ ಅದಕ್ಕೊಂದು ಹೊಸ ಶಕ್ತಿ ಏಕೆ? ಹೇಳಿದ ಅರ್ಥ ಹೊಗೆ, ಹೇಳದ ಅರ್ಥ ಬೆಂಕಿ. ಎಲ್ಲವೂ ಅನುಮಾನ. ಅನುಮಾನವೆಂದರೆ ಇಲ್ಲಿ ಸಂಶಯವಲ್ಲ, ಶಾಸ್ತ್ರದ ಅರ್ಥದಲ್ಲಿ ಕಾರಣ ಹಿಡಿದು ತಿಳಿಯುವುದು. ಮೊದಲ ವಿಮರ್ಶದಲ್ಲಿ, ಅಂದರೆ ಅಧ್ಯಾಯದಲ್ಲಿ, ಧ್ವನಿಯ ಲಕ್ಷಣ ಹೇಳುವ ಕಾರಿಕೆಯನ್ನು ಪದಪದವಾಗಿ ಬಿಡಿಸಿ ದೋಷ ಎಣಿಸುತ್ತಾನೆ. ಮೂರನೆಯದರಲ್ಲಿ ಆನಂದವರ್ಧನ ಕೊಟ್ಟ ಉದಾಹರಣೆಗಳನ್ನೇ ಒಂದೊಂದಾಗಿ ಎತ್ತಿಕೊಂಡು, ಇಗೋ ಹೇತು, ಇಗೋ ಸಾಧ್ಯ ಎಂದು ತೋರಿಸುತ್ತಾ ಹೋಗುತ್ತಾನೆ. ಜಗಳಗಂಟನ ಉತ್ಸಾಹ, ಅಕ್ಕಸಾಲಿಗನ ಬೆರಳು.

ಅವುಗಳಲ್ಲಿ ಪ್ರಸಿದ್ಧವಾದದ್ದು ಗಾಥಾಸಪ್ತಶತಿಯ ಒಂದು ಪ್ರಾಕೃತ ಗಾಥೆ. ಜಾಗ ಗೋದಾವರಿಯ ದಂಡೆ. ಕವಿರಾಜಮಾರ್ಗ ಹೇಳುವ ಕನ್ನಡನಾಡು ಕಾವೇರಿಯಿಂದ ಅಲ್ಲಿಯವರೆಗೇ ಹಬ್ಬಿತ್ತಾದ್ದರಿಂದ ಇದು ಒಂದು ಲೆಕ್ಕಕ್ಕೆ ನಮ್ಮ ಮನೆಯಂಗಳದ ಕಥೆಯೇ. ಹೊಳೆಯ ಪೊದೆಯಲ್ಲಿ ಒಬ್ಬಳು ತನ್ನ ನಲ್ಲನನ್ನು ಗುಟ್ಟಾಗಿ ಕಾಣುತ್ತಾಳೆ. ದೇವರ ಪೂಜೆಗೆ ಹೂ ಕೊಯ್ಯಲು ಬರುವ ಸಾಧು ಮನುಷ್ಯನೊಬ್ಬನಿಂದ ಅದಕ್ಕೆ ಕಾಟ. ಅವನಿಗೆ ನಾಯಿಯೆಂದರೆ ಭಯ. ಅವಳು ಅವನಿಗೆ ಹೇಳುವ ಮಾತು ಇಷ್ಟು: ಇನ್ನು ನಿಶ್ಚಿಂತೆಯಿಂದ ಓಡಾಡಿ ಸ್ವಾಮಿ, ಆ ನಾಯಿಯನ್ನು ಹೊಳೆದಂಡೆಯ ಪೊದೆಯಲ್ಲಿರುವ ಸಿಂಹ ಕೊಂದುಹಾಕಿತು. ಬಾಯಲ್ಲಿ ‘ಓಡಾಡಿ’, ಒಳಗೆ ‘ಇತ್ತ ತಲೆ ಹಾಕಬೇಡಿ’. ಎಂಥ ಜಾಣೆ! ಎಷ್ಟು ಮರ್ಯಾದೆ, ಎಷ್ಟು ಕಾಳಜಿ ಆ ದನಿಯಲ್ಲಿ!

ಮಹಿಮ ಹೆಜ್ಜೆ ಎಣಿಸುತ್ತಾನೆ. ಅಂಜುಬುರುಕ ಓಡಾಡುವುದು ಭಯದ ಕಾರಣ ಇಲ್ಲವೆಂದು ತಿಳಿದಾಗ ಮಾತ್ರ. ಹೊಳೆದಂಡೆಯಲ್ಲಿ ಸಿಂಹವಿದೆ. ಅಂದಮೇಲೆ ಅಲ್ಲಿ ಅವನ ಓಡಾಟವಿಲ್ಲ. ಮುಗಿಯಿತು.

ಧ್ವನಿಯ ಪಕ್ಷ ಹಿಡಿದ ಮಮ್ಮಟ ತನ್ನ ‘ಕಾವ್ಯಪ್ರಕಾಶ’ದ ಐದನೆಯ ಉಲ್ಲಾಸದಲ್ಲಿ ಇದಕ್ಕೆ ಕೊಟ್ಟ ಉತ್ತರವೂ ಅಷ್ಟೇ ಚೆಂದ. ಅಂಜುಬುರುಕನೂ ಗುರುವಿನ ಅಪ್ಪಣೆಯಿದ್ದರೆ, ಒಡೆಯನ ಆಜ್ಞೆಯಿದ್ದರೆ, ನಲ್ಲೆಯ ಮೇಲೆ ಮೋಹವಿದ್ದರೆ ಭಯದ ಜಾಗಕ್ಕೂ ಹೋಗುತ್ತಾನೆ. ನಾಯಿಗೆ ಹೆದರಿದವನು ವೀರನಾಗಿದ್ದು ಸಿಂಹಕ್ಕೆ ಹೆದರದೆಯೂ ಇರಬಹುದು. ಎಲ್ಲಕ್ಕಿಂತ ಮುಖ್ಯ, ಸಿಂಹವನ್ನು ಕಂಡವರು ಯಾರು? ಅದಿರುವುದು ಅವಳ ಬಾಯಲ್ಲಿ ಮಾತ್ರ, ಅವಳ ಮಾತು ಪ್ರಮಾಣವಲ್ಲ. ಹೇತುವೇ ಗಟ್ಟಿಯಿಲ್ಲದ ಮೇಲೆ ಅನುಮಾನ ಎಲ್ಲಿಂದ ಬಂತು?

ಈ ವ್ಯಾಜ್ಯ ಇವತ್ತಿಗೂ ಬೆಳಿಗ್ಗೆ ಒಂಬತ್ತಕ್ಕೆ ವಿಜಯನಗರದ ಮಾರುತಿ ಮಂದಿರದ ಸ್ಟಾಪಿನಲ್ಲಿ ನಡೆಯುತ್ತದೆ. ಮೆಟ್ಟಿಲ ಮೇಲೆ ಜನ ಜೋತುಬಿದ್ದ ಬಸ್ಸು ನಿಧಾನಿಸುತ್ತದೆ. ಕಂಡಕ್ಟರು ತಲೆ ಹೊರಹಾಕಿ ಅತ್ಯಂತ ಆದರದಿಂದ, "ಹಿಂದೇನೇ ಖಾಲಿ ಬಸ್ ಬರ್ತಿದೆ ಸಾರ್, ಆರಾಮಾಗಿ ಕೂತ್ಕೊಂಡು ಬನ್ನಿ" ಅನ್ನುತ್ತಾರೆ. ಬಾಯಲ್ಲಿ ‘ಬನ್ನಿ’, ಒಳಗೆ ‘ಹತ್ತಬೇಡಿ’. ಖಾಲಿ ಬಸ್ಸನ್ನು ಕಂಡವರು ಯಾರು? ಆಫೀಸಿಗೆ ತಡವಾದವನು ಮಮ್ಮಟ ಹೇಳಿದಂತೆ ಒಡೆಯನ ಆಜ್ಞೆಗೆ ಅಂಜಿ ನೇತಾಡಿಕೊಂಡೇ ಹತ್ತುತ್ತಾನೆ. ಆದರೆ ಗಮನಿಸಿ, ಹಿಂದಿನ ಬಸ್ಸನ್ನು ನಂಬದವರಿಗೂ ಕಂಡಕ್ಟರ ಮಾತು ಒಂದಿಷ್ಟೂ ತಪ್ಪದೆ ಅರ್ಥವಾಗಿದೆ.

ಇಲ್ಲಿ ನನ್ನದೊಂದು ತೀರ್ಪು ಇಡುತ್ತೇನೆ; ಪಂಡಿತರು ಗದರಲಿ. ಮಮ್ಮಟ ತಳ್ಳಿಹಾಕಿದ್ದು ಸಿಂಹದಿಂದ ಹೊರಟ ಅನುಮಾನವನ್ನು. ನಾವು ಮಾಡುವ ಅನುಮಾನ ಹೊರಡುವುದು ಅವಳಿಂದ. ಸಿಂಹ ಇರಲಿ ಬಿಡಲಿ, ಇದೆ ಎಂದು ಒಬ್ಬ ಹೆದರುಪುಕ್ಕಲನಿಗೆ ಹೇಳಿದವಳು ಅವನು ಅಲ್ಲಿ ಬರಲೆಂದು ಬಯಸಿರಲಾರಳು. ಅವಳ ಮಾತು ಸುಳ್ಳಾದಷ್ಟೂ ಅವಳ ಬಯಕೆ ನಿಚ್ಚಳ. ನಾವು ಲೆಕ್ಕ ಇಡುತ್ತಿರುವುದು ಕಾಡಿನ ಮೃಗಗಳದ್ದಲ್ಲ, ಅವಳು ಯಾವ ಮಾತಿಗೆ ಕಟ್ಟುಬಿದ್ದಳು ಎಂಬುದರದ್ದು. ಮಹಿಮನಿಗೆ ಪಿಟ್ಸ್‌ಬರ್ಗಿನ ಲೆಕ್ಕದ ಪುಸ್ತಕ ಸಿಕ್ಕಿದ್ದರೆ ಮಮ್ಮಟನಿಗೆ ಅಷ್ಟು ಸುಲಭವಾಗಿ ಗೆಲುವು ದಕ್ಕುತ್ತಿರಲಿಲ್ಲ. ತತ್ತ್ವಜ್ಞಾನಿ ಪಾಲ್ ಗ್ರೈಸ್ 1967ರಲ್ಲಿ ಹಾರ್ವರ್ಡ್‌ನ ಉಪನ್ಯಾಸಗಳಲ್ಲಿ ಹೇಳಿದ್ದೂ ಇದರ ನೆಂಟನೇ. ಆಡಿದವನು ಸುಮ್ಮನೆ ಆ ಮಾತು ಆಡಿರಲಾರ ಎಂಬ ನಂಬಿಕೆಯಿಂದ ಹೊರಟು ಆಡದ ಮಾತಿಗೆ ತಲುಪುತ್ತೇವೆ. "ಹುಡುಗ ಹೇಗೆ?" ಎಂದಾಗ "ಅಪ್ಪ ಅಮ್ಮ ತುಂಬಾ ಒಳ್ಳೆಯವರು" ಎಂಬ ಉತ್ತರ ಬಂದರೆ ಜಾತಕ ಹಿಂದಕ್ಕೆ ಕಳಿಸುವ ಕಲೆ ನಮಗೆ ಯಾರೂ ಹಾರ್ವರ್ಡಿನಿಂದ ಬಂದು ಕಲಿಸಬೇಕಾಗಿಲ್ಲ.

ಹೀಗೆ ಹೆಜ್ಜೆ ಎಣಿಸಿದರೆ ರಸ ಆರಿಹೋಗುತ್ತದೆ ಎನ್ನುವ ಗೆಳೆಯರಿದ್ದಾರೆ. ನನಗೆ ಆರಿಲ್ಲ. ಧ್ವನಿಯ ಪಕ್ಷದವರೇ, ರಸ ಹೊಳೆಯುವಾಗ ಕ್ರಮ ಇರುತ್ತದೆ, ವೇಗಕ್ಕೆ ಕಾಣುವುದಿಲ್ಲ ಎನ್ನುತ್ತಾರೆ. ನೂರು ನೈದಿಲೆಯ ಎಸಳುಗಳನ್ನು ಒಟ್ಟಿ ಸೂಜಿ ಇಳಿಸಿದರೆ ಒಂದೇ ಏಟಿಗೆ ತೂರಿದಂತೆ ತೋರುತ್ತದಲ್ಲ, ಹಾಗೆ ಎಂಬುದು ಆಲಂಕಾರಿಕರ ಹೋಲಿಕೆ. ನನ್ನ ಸುಖವೆಲ್ಲ ಸೂಜಿಯನ್ನು ತಡೆತಡೆದು ಇಳಿಸುವುದರಲ್ಲಿದೆ. ಒಂದೊಂದು ಎಸಳಿಗೂ ಸಣ್ಣದೊಂದು ತಡೆ, ಸಣ್ಣದೊಂದು ಬಿಡುಗಡೆ. ಅವಳ ‘ಸ್ವಾಮಿ’ಯಲ್ಲಿ ಒಂದು, ‘ನಿಶ್ಚಿಂತೆ’ಯಲ್ಲಿ ಒಂದು, ನಾಯಿ ಸತ್ತ ಸುದ್ದಿಯ ಸಮಾಧಾನದಲ್ಲಿ ಒಂದು, ಆ ಸಮಾಧಾನ ಗಂಟಲಿಳಿಯುವ ಮುಂಚೆ ಬಂದು ನಿಲ್ಲುವ ಸಿಂಹದಲ್ಲಿ ಇನ್ನೊಂದು. ಸಿಂಹವನ್ನು ವಾಕ್ಯದ ಮೊದಲಿಗೆ ತಂದಿದ್ದರೆ ಗಾಥೆಯೇ ಇಲ್ಲ.

ಮಹಿಮ ಸೋತವರ ಸಾಲಿಗೆ ಸೇರಿದ. ಅವನ ಗ್ರಂಥಕ್ಕೆ ವ್ಯಾಖ್ಯಾನ ಬರೆದ ರುಯ್ಯಕನೂ ಧ್ವನಿಯ ಪಕ್ಷದವನೇ. ವ್ಯಾಖ್ಯಾನ ಬರೆಯುತ್ತಲೇ ಮೂಲವನ್ನು ಚುಚ್ಚುತ್ತಾನೆ. 1909ರಲ್ಲಿ ತಿರುವನಂತಪುರದ ಸಂಸ್ಕೃತ ಗ್ರಂಥಮಾಲೆಯಲ್ಲಿ ಟಿ.ಗಣಪತಿ ಶಾಸ್ತ್ರಿಗಳು ಅಚ್ಚು ಹಾಕಿಸಿದ್ದರಿಂದ ‘ವ್ಯಕ್ತಿವಿವೇಕ’ ನಮ್ಮ ಕೈಗೆ ಬಂತು. ಓದುವವರು ಮೊದಲ ಮತ್ತು ಮೂರನೆಯ ವಿಮರ್ಶಗಳ ವಾದಕ್ಕೆ ಹೋಗುತ್ತಾರೆ, ಎರಡನೆಯದನ್ನು ಹಾರಿಸುತ್ತಾರೆ. ನನಗೋ ಎರಡನೆಯದೇ ಪಾಯಸ. ಅಲ್ಲಿ ಅವನು ಧ್ವನಿಯ ಜಗಳವನ್ನು ಪಕ್ಕಕ್ಕಿಟ್ಟು ಶಬ್ದಗಳ ದೋಷ ಹುಡುಕಲು ಕೂರುತ್ತಾನೆ. ಮುಖ್ಯವಾಗಿ ಹೇಳಬೇಕಾದ್ದು ಸಮಾಸದೊಳಗೆ ಹೂತುಹೋಯಿತು, ಶುರು ಮಾಡಿದ ರೀತಿ ನಡುವೆ ಮುರಿಯಿತು, ಹೇಳಬೇಕಾದ್ದನ್ನು ಹೇಳಲಿಲ್ಲ, ಹೇಳಿದ್ದನ್ನೇ ಹೇಳಿದೆ, ‘ಚ’ಕಾರ ಇರಬೇಕಾದ ಪದದ ಪಕ್ಕ ಇಲ್ಲ. ಕಾಳಿದಾಸನನ್ನೂ ಬಿಡುವುದಿಲ್ಲ. ಒಂದು ಅವ್ಯಯ ಜಾಗ ತಪ್ಪಿದರೆ ಕೇಳುಗನ ಊಹೆ ತಪ್ಪು ಓಣಿಗೆ ತಿರುಗುತ್ತದೆ ಎಂಬ ತಳಮಳ ಅವನದು. "ನಿನ್ನೆ ಅವನೂ ಬಂದ", "ನಿನ್ನೆಯೂ ಅವನು ಬಂದ" ಎಂಬೆರಡರ ನಡುವೆ ಎಷ್ಟು ಜನ ಎಷ್ಟು ದಿನ ಬಂದುಹೋದರೆಂದು ಕನ್ನಡ ಬಲ್ಲವರಿಗೆ ಗೊತ್ತು. ಮಹಿಮನ ತಳಮಳಕ್ಕೆ ನಮ್ಮಲ್ಲಿ ಬೇಗ ಕರುಳು ಕರಗುತ್ತದೆ.

ಇಷ್ಟೆಲ್ಲ ದೋಷ ಎಣಿಸುವವನ ಬರವಣಿಗೆ ಶುದ್ಧವೇ ಎಂದು ಯಾರಾದರೂ ಕೇಳುತ್ತಾರೆಂದು ಅವನಿಗೆ ಗೊತ್ತಿತ್ತು. ಅದಕ್ಕೂ ಉತ್ತರ ಕೊಟ್ಟೇ ಮುಂದೆ ಹೋಗಿದ್ದಾನೆ. ತನ್ನ ಕೃತಿಯಲ್ಲಿ ಕಟ್ಟುಪಾಡಿಲ್ಲದವನು ಇತರರಿಗೆ ಹೇಗೆ ಬುದ್ಧಿ ಹೇಳಿಯಾನು ಎಂದು ಕೇಳಬೇಡಿ. ವೈದ್ಯ ತಾನು ಅಪಥ್ಯ ತಿನ್ನುತ್ತಲೇ ರೋಗಿಗೆ ಬೇಡವೆನ್ನುವುದಿಲ್ಲವೇ ಎನ್ನುತ್ತಾನೆ.